ತೊಳೆಯುತ್ತಾ ಮಾಡಿದ ಮಜ್ಜಿಗೆಹುಳಿ

ನನಗೆ ಅಡುಗೆ ಚೆನ್ನಾಗಿಯೇ ಬರುತ್ತದೆ. ಮಾಡಿದ ಮೇಲೆ ಅಡುಗೆಮನೆ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ, ಅಷ್ಟೆ. ಕೊಪ್ಪದ ನಮ್ಮ ಮನೆಯಲ್ಲಿ ಒಮ್ಮೆ ಅಕ್ಕಿರೊಟ್ಟಿ ತಟ್ಟಿದ್ದೆ. ಹದಿನೈದು ದಿನ ಕಳೆದು, ಗೋಡೆಯ ಕ್ಯಾಲೆಂಡರಿನ ಏಕಾದಶಿಯ ಮೇಲೆ ಒಣಗಿದ ಹಿಟ್ಟು ಸಿಕ್ಕಿತು. ಆಗಷ್ಟೇ ಕೊಂಡಿದ್ದ ಮೊಬೈಲಿಗೂ ಹಿಟ್ಟು ಹೊಕ್ಕು, ಐದರ ಗುಂಡಿ ಒತ್ತಿದರೆ ಒಳಗೇ ಕೂತುಬಿಡುತ್ತಿತ್ತು. ನನ್ನ ಹೆಂಡತಿ ಶಾರದೆ ಈ ಕಥೆಯನ್ನು ಬಂದ ನೆಂಟರಿಗೆಲ್ಲ ಕಾಫಿಯ ಜೊತೆಗೆ ಕೊಡುತ್ತಿದ್ದಳು. ರೊಟ್ಟಿ ಮೆತ್ತಗೆ ಬಂದಿತ್ತು ಎಂಬ ಮುಖ್ಯ ವಿಷಯವನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ನನಗೆ ಅದೇ ಬೇಜಾರು.

ಒಂದು ಭಾನುವಾರ ಬಸರೀಕಟ್ಟೆಯಿಂದ ಅವಳ ಅಕ್ಕ ಊಟಕ್ಕೆ ಬರುವವರಿದ್ದರು. ಇನ್ನೊಮ್ಮೆ ರೊಟ್ಟಿ ಪುರಾಣ ಕೇಳುವ ಶಕ್ತಿ ನನಗಿರಲಿಲ್ಲ. "ಇವತ್ತಿನ ಅಡುಗೆ ನಂದು. ನೀನು ಅಕ್ಕನ್ನ ಕರ್ಕೊಂಡು ಬರುವಾಗ ಅಡುಗೆಮನೆ ಈಗಿನ ಹಾಗೇ ಇದ್ರೆ, ಆ ಕಥೆ ಇನ್ನು ನಿನ್ನ ಬಾಯಲ್ಲಿ ಬರಬಾರದು" ಎಂದು ಸವಾಲು ಹಾಕಿದೆ.

"ಆಯ್ತು ಮಾರಾಯ್ರೆ, ಆಣೆ" ಎಂದಳು. "ಆದ್ರೆ ಮಾಡ್ತಾ ಮಾಡ್ತಾನೇ ತೊಳೀತಾ ಹೋಗಿ. ಸೋಪು ಹಾಕೋಕೆ ಮುಂಚಿನ ನೀರು ಅಕ್ಕಚ್ಚಿನ ಬಕೆಟ್ಟಿಗೆ. ಗೌರಿ ಕಾಯ್ತಿರ್ತಾಳೆ."

ಗೌರಿ ನಮ್ಮ ಹಸು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ತಳದಲ್ಲಿ ಉಳಿದದ್ದು ಎಲ್ಲ ಸೇರಿದ ಅಕ್ಕಚ್ಚು ಅವಳ ಪಾಲು. ಶಾರದೆ ಅಕ್ಕನನ್ನು ಕರೆತರಲು ಬಸ್‌ಸ್ಟ್ಯಾಂಡಿಗೆ ಹೋದದ್ದೇ ನಾನು ಸೊಂಟಕ್ಕೆ ಟವೆಲು ಬಿಗಿದೆ.

ಮಜ್ಜಿಗೆಹುಳಿಗೆ ಸೌತೆಕಾಯಿ ಹೆಚ್ಚಿದೆ, ಚಾಕು ತೊಳೆದೆ. ಅರಿಶಿನ ಹಾಕಿ ಬೇಯಲು ಇಟ್ಟೆ, ಮಣೆ ತೊಳೆದೆ. ತೊಳೆಯುವುದಕ್ಕೂ ಒಂದು ಅಮಲಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಕಾಯಿ, ಜೀರಿಗೆ, ಒಂದು ಹಸಿಮೆಣಸು ಹಾಕಿ ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ಜಾರನ್ನು ಮಜ್ಜಿಗೆ ಪಾತ್ರೆಯ ಪಕ್ಕ ಇಟ್ಟೆ. ಅಷ್ಟರಲ್ಲಿ ಫೋನು. ಶಾರದೆಯೇ. "ಬಸ್ಸು ಬಂತು, ಹೊರಟ್ವಿ. ತೊಳೀತಿದೀರಾ?"

"ತೊಳೀತಾ ಇದೀನಿ!" ಎಂದು ಫೋನನ್ನು ಕಿವಿಗೂ ಭುಜಕ್ಕೂ ಸಿಕ್ಕಿಸಿಕೊಂಡು, ಕೈಗೆ ಸಿಕ್ಕಿದ್ದನ್ನೆಲ್ಲ ಬಳಿದು ಬಕೆಟ್ಟಿಗೆ ಸುರಿದು ತೊಳೆದೆ. ಪಾತ್ರೆಗಳೆಲ್ಲ ಖಾಲಿಯಾಗಿವೆ ಎಂದರೆ ಹಾಕಬೇಕಾದದ್ದೆಲ್ಲ ಹುಳಿಗೆ ಹಾಕಿಯಾಗಿದೆ ಎಂದು ನನ್ನ ಗ್ರಹಿಕೆ. ಒಗ್ಗರಣೆ ಕೊಟ್ಟು ಮುಚ್ಚಿದೆ. ಬಕೆಟ್ಟನ್ನೂ ಗೌರಿಯ ಮುಂದಿಟ್ಟು ಬಂದೆ.

ಶಾರದೆ ಬಂದವಳು ಒಲೆಯ ಹಿಂದೆ ಬೆರಳಾಡಿಸಿದಳು, ಕ್ಯಾಲೆಂಡರನ್ನು ಎತ್ತಿ ನೋಡಿದಳು. ಏನೂ ಸಿಗಲಿಲ್ಲ. "ಗೆದ್ರಿ" ಎಂದು ಸಣ್ಣ ದನಿಯಲ್ಲಿ ಒಪ್ಪಿಕೊಂಡಳು. ಮದುವೆಯಾದ ಮೇಲೆ ನನಗೆ ಅಷ್ಟು ಖುಷಿಯಾದದ್ದು ಅದೇ ಮೊದಲು.

ಎಲೆ ಹಾಕಿ ಬಡಿಸಿದೆ. ಅನ್ನದ ಮೇಲೆ ಅರಿಶಿನದ ನೀರು ಹರಿದು ಎಲೆಯಿಂದಾಚೆ ಹೋಯಿತು. ಹಿಂದೆ ನಾಲ್ಕು ಸೌತೆ ಹೋಳು ಉಳಿದವು. ಶಾರದೆ ಎದ್ದುಹೋಗಿ ಮಿಕ್ಸಿ ಜಾರು ನೋಡಿದಳು, ಮಜ್ಜಿಗೆ ಪಾತ್ರೆ ನೋಡಿದಳು. ಎರಡೂ ಫಳಫಳ ಹೊಳೆಯುತ್ತಿದ್ದವು. ಅಷ್ಟರಲ್ಲಿ ಕೊಟ್ಟಿಗೆಯಿಂದ ಬಕೆಟ್ಟಿನ ತಳ ನೆಕ್ಕುವ ಸದ್ದು ಕೇಳಿಸಿತು.

"ಎಂತ ಮಾರಾಯ," ಅಕ್ಕ ನನ್ನ ಮುಖ ನೋಡಿದರು, "ಮಜ್ಜಿಗೆಹುಳಿ ಗೌರಿಗೆ, ಅಕ್ಕಚ್ಚು ನಮಗಾ?"

ಶಾರದೆ ಮಾತಿಗೆ ತಪ್ಪುವವಳಲ್ಲ. ಅವತ್ತಿನಿಂದ ರೊಟ್ಟಿಯ ಕಥೆ ಎತ್ತಿಲ್ಲ. ಈಗ ನೆಂಟರು ಬಂದರೆ ಕಾಫಿ ಲೋಟದ ಸಮೇತ ಅವರನ್ನು ನೇರ ಕೊಟ್ಟಿಗೆಗೇ ಕರೆದುಕೊಂಡು ಹೋಗುತ್ತಾಳೆ.