ಹಿಂದಿನ ಸೀಟು ಸವೆದ ಗಾಡಿ

ನಮ್ಮ ಎಮ್ಮಿಗನೂರಿನ ಮಗ್ಗದ ಓಣ್ಯಾಗ ಯಾರು ಏನು ಕೊಂಡ್ರೂ ಅದರ ಬೆನ್ನಿಗೆ ಒಂದು ಕತಿ ಬಂದೇ ಬರ್ತೈತಿ. ನಾನೇನು ಹುಡುಕ್ಕೊಂಡು ಹೋಗಂಗಿಲ್ಲ, ಅವೇ ಬಂದು ನಮ್ಮ ಕಟ್ಟಿ ಮ್ಯಾಲೆ ಕುಂದರ್ತಾವ. ಈ ಮೋಟರ್ ಸೈಕಲ್ಲಿಂದೂ ಹಂಗೇ ಆತು.

೧. ಹೊಲ, ಮನಿ

ಬಾಜೂ ಮನಿಯಾತ ಟವಲು, ಸೀರಿ ಗಂಟು ಕಟ್ಟಿಕೊಂಡು ಸೈಕಲ್ ಮ್ಯಾಲೆ ಹಳ್ಳಿ ತಿರುಗಿ ಮಾರಾವ. ಈಗ ಮೊಣಕಾಲು ಹಿಡಕೊಂಡಾವ. ಗಾಡಿ ಕೊಳ್ಳಬೇಕು, ಇಲ್ಲಾ ವ್ಯಾಪಾರ ಬಿಡಬೇಕು. ಅಷ್ಟರಾಗ ಗೋನೆಗಂಡ್ಲದ ರೈತನೊಬ್ಬ ತನ್ನ ಹಳೇ ಗಾಡಿ ಮಾರತೀನಂತ ಓಣಿಗೇ ಹೊಡಕೊಂಡು ಬಂದ.

ಬಾಜೂ ಮನಿಯಾತನ ಹೆಂಡ್ತಿ ಮೊದಲು ಮೀಟರ್ ನೋಡಿದಳು. ಲಕ್ಷದ ಹತ್ರ ಬಂದಿತ್ತು.

"ಇಷ್ಟು ಎಲ್ಲಿ ಓಡೇತ್ರಿ ಇದು?"

"ಎಲ್ಲೂ ಇಲ್ಲಮ್ಮಾ. ಹೊಲ, ಮನಿ. ಮನಿ, ಹೊಲ."

"ಹೊಲ ಎಲ್ಲೈತಪ್ಪಾ?" ಅಂತ ನಾನು ಕೇಳಿದೆ.

"ಮನಿ ಹಿಂದೇ ಐತಿ ದೊಡ್ಡವ್ವಾ."

ಮನಿ ಹಿಂದಿನ ಹೊಲಕ್ಕ ಲಕ್ಷ ಕಿಲೋಮೀಟರು! ನಡುವ ಕಾಶಿಗೆ ಹೋಗಿ ಬರ್ತಿದ್ದ ಅಂತ ಕಾಣತೈತಿ.

೨. ಸೀಟು

ಮೆಕ್ಯಾನಿಕ್ ಬಂದ. ಕಿಕ್ ಹೊಡೆದ, ಕಿವಿಗೊಟ್ಟು ಕೇಳಿದ. "ಇಂಜನ್ ಬಾಗುಂದಿ, ಏಂ ಪರವಾಲೇದು," ಅಂತ ತೆಲುಗಿನ್ಯಾಗ ಅಂದ, ಇಂಜನ್ ಚೊಲೊ ಐತಿ, ಏನೂ ಚಿಂತಿಲ್ಲ ಅಂತ. ಬಾಜೂ ಮನಿಯಾತನ ಹೆಂಡ್ತಿ ಮಾತ್ರ, "ಬ್ಯಾಡ. ಬಾಳ ಓಡೇತಿ. ಗಂಟಿನ ಸಮೇತ ದಾರ್ಯಾಗ ನಿಂತ್ರ ಯಾರು ಹೊರಬೇಕು?" ಅಂತ ಪಟ್ಟು ಹಿಡಿದಳು.

ನನ್ನ ಕಣ್ಣು ಸೀಟಿನ ಮ್ಯಾಲೆ ಇತ್ತು. ಮುಂದಿನ ಅರ್ಧ ಒಂದೀಟು ಸವೆದೈತಿ, ಅಷ್ಟೇ. ಹಿಂದಿನ ಅರ್ಧ ಕೋಳಿ ಮೊಟ್ಟಿಗೆ ಕುಂತಂಗ ತಗ್ಗು ಬಿದ್ದೈತಿ!

"ಹೆಂಡ್ತಿನ್ನ ಬಾಳ ತಿರುಗ್ಯಾಡಿಸಿದಿ ಬಿಡಪ್ಪಾ," ಅಂದೆ.

"ಇಲ್ಲ ದೊಡ್ಡವ್ವಾ, ಆಕಿ ಒಂದಿನಾನೂ ಗಾಡಿ ಹತ್ತಿಲ್ಲ. ತಲಿ ತಿರುಗ್ತೈತಿ ಆಕಿಗೆ," ಅಂದ. ಅಂದಮ್ಯಾಲೆ ಮಾರಿ ಹುಳ್ಳಗಾತು.

ಇಂಜನ್ನಿನ ಸದ್ದು ಎಲ್ಲಾರೂ ಕೇಳಿದ್ರು. ಸೀಟಿನ ಸದ್ದು ಕೇಳಿದಾಕಿ ನಾನೊಬ್ಬಾಕಿನೇ.

೩. ವಿಚಾರಣಿ

ಹುಡುಗನ್ನ ನೋಡಾಕ ಹೋದ್ರ ಮೊದಲು ಅವನ ಬಾಜೂ ಮನ್ಯಾಗ ನೀರು ಕೇಳೋದು ನಮ್ಮ ಪದ್ಧತಿ. ನೀರಿನ ಜೊತಿಗೆ ಸುದ್ದಿನೂ ಸಿಗತೈತಿ. ಗಾಡಿಗ್ಯಾಕ ಬ್ಯಾರೆ ಪದ್ಧತಿ? ವಿಚಾರಿಸಿ ಆಮ್ಯಾಲೆ ಬ್ಯಾಡ ಅನ್ನು ಅಂತ ಆಕಿನ್ನ ಒಪ್ಪಿಸಿದೆ. ಮರುದಿನ ಗಂಡ, ಹೆಂಡ್ತಿ, ನಾನು ಆಟೋ ಹಿಡಿದು ಗೋನೆಗಂಡ್ಲಕ್ಕ ಹೋದ್ವಿ. ಅವರು ಗಾಡಿ ಕಡೆ ಹೋದ್ರು, ನಾನು ರೈತನ ಬಾಜೂ ಮನಿ ಕಟ್ಟಿಗೆ ಹೋದೆ.

"ಬಾಳ ಚೊಲೊ ಮನಿಷ್ಯಾ ಯವ್ವಾ," ಅಂದಳು ಆ ಮನಿಯಾಕಿ. "ಸಂಜಿ ಆತಂದ್ರ ಗಾಡಿ ತಗೊಂಡು ಆದೋನಿ ಕಡೆ ಹೊಕ್ಕಾನ."

"ಹಿಂದ ಯಾರು ಕುಂತಿರ್ತಾರ?"

"ಊರು ದಾಟೋ ತನಕ ಯಾರೂ ಇರಂಗಿಲ್ಲ," ಅಂತ ಸೆರಗು ಬಾಯಿಗೆ ಹಿಡಕೊಂಡಳು.

ನಾನು ಇನ್ನೊಂದು ಚೊಂಬು ನೀರು ಕೇಳಿದೆ. ನೀರಡಿಕಿ ಇರಲಿಲ್ಲ, ಮಾತು ಮುಗಿದಿರಲಿಲ್ಲ.

೪. ಮಿರ್ಚಿ

ನಾನು ರೈತನ ಮನಿಗೆ ಬರೂದ್ರಾಗ ಸಂಜಿ ಆಗಿತ್ತು. ಬಾಜೂ ಮನಿಯಾತ "ಒಂದು ಸುತ್ತು ಹೊಡೆದು ನೋಡ್ತೀನಿ," ಅಂತ ಗಾಡಿ ತಗೊಂಡು ಹೋದ. ರೈತನ ಹೆಂಡ್ತಿ ನಮಗ ಚಾ ಕೊಟ್ಟು ತನ್ನ ತಾಯಿನ್ನ ಹೊಗಳಾಕ ಹತ್ತಿದಳು.

"ನಮ್ಮವ್ವ ನಮ್ಮನ್ಯಾಗೇ ಇರ್ತಾಳ್ರಿ. ಹಳೇ ಕಾಲದಾಕಿ. ಅಳಿಯನ ಮುಂದ ಕುಂದರಂಗಿಲ್ಲ, ಬಾಗಿಲ ಮರಿಗೆ ನಿಂತೇ ಮಾತಾಡ್ತಾಳ. ಸಕ್ಕರಿ ಕಾಯಿಲಿ ಐತಂತ ನಾನು ಎಣ್ಣಿ ತಿಂಡಿ ಪೂರಾ ಬಂದ್ ಮಾಡೀನಿ. ಸಂಜಿಗೆ ಭಜನಿಗೆ ಹೊಕ್ಕಾಳ, ಅಷ್ಟೇ."

ಅಷ್ಟರಾಗ ಗಾಡಿ ತಿರುಗಿ ಬಂತು. ಹಿಂದ ತಲಿತುಂಬ ಸೆರಗು ಹೊದ್ದ ಮುದುಕಿ!

ಬಾಜೂ ಮನಿಯಾತ ಬೆವತು ಹೋಗಿದ್ದ. "ಊರ ಹೊರಗಿನ ಬೇವಿನ ಗಿಡದ ಹತ್ರ ಹಾರ್ನ್ ಹೊಡೆದೆ ದೊಡ್ಡವ್ವಾ. ಈ ಅಮ್ಮ ಗಿಡದ ಹಿಂದಿಂದ ಬಂದು ಹತ್ತಿ ಕುಂತುಬಿಟ್ಳು!"

ಮುದುಕಿ ಅವನ ಬೆನ್ನಿಗೆ ಗುದ್ದಿದಳು. "ಅಳಿಯಾ, ಗಾಡಿ ಯಾಕ ಮನಿ ಕಡೆ ತಿರುಗಿಸಿದಿ? ಆದೋನಿ ಆಕಡಿ ಐತಿ! ಬಿಸಿ ಮಿರ್ಚಿ ಭಜಿ ಆರಿ ಹೊಕ್ಕಾವ!"

"ಅವ್ವಾ!" ಅಂದಳು ಮಗಳು.

ಮುದುಕಿ ಸೆರಗು ಸರಿಸಿ ನೋಡಿದಳು. ಖರೇ ಅಳಿಯ ಅಂಗಳದಾಗ ನಿಂತಿದ್ದ. ಗಡಬಡಿಸಿ ಇಳಿದು ಬಾಗಿಲ ಮರಿಗೆ ಹೋಗಿ ನಿಂತಳು. ಅಳಿಯನ ಮುಂದ ಹೆಂಗ ನಿಲ್ಲತಾಳ, ಮರ್ಯಾದಿ ಬ್ಯಾಡೇನು?

ರೈತ ತಲಿ ತಗ್ಗಿಸಿದ. "ಹತ್ರದ ಎಮ್ಮಿಗನೂರಾಗ ನೆಂಟರ ಕಣ್ಣಿಗೆ ಬೀಳ್ತೀವಂತ ಮಿರ್ಚಿ ತಿನ್ನಿಸಾಕ ಆದೋನಿ ತನಕ ಕರಕೊಂಡು ಹೊಕ್ಕಿದ್ದೆ."

"ಗಾಡಿ ಮಾರಿ ಏನು ತಗೊಂತಿ?" ಅಂತ ಕೇಳಿದೆ.

"ಸೈಕಲ್ ದೊಡ್ಡವ್ವಾ. ಕ್ಯಾರಿಯರ್ ಇಲ್ಲದ್ದು."

ನಮ್ಮ ಬಾಜೂ ಮನಿಯಾತನ ಹೆಂಡ್ತಿ ಎದ್ದು ನಿಂತಳು. "ಇಷ್ಟು ಓಡಿದ್ರೂ ಒಂದಿನಾ ದಾರ್ಯಾಗ ನಿಂತಿಲ್ಲ ಅಂದ್ರ ಚೊಲೊ ಗಾಡಿನೇ. ತಗೊಳ್ರಿ. ನಮ್ಮವ್ವಗೂ ಮಿರ್ಚಿ ಅಂದ್ರ ಪ್ರಾಣ."

ಅಲ್ಲಿ ತನಕ ಹ್ಯಾಂಡಲ್ ಬಿಡದ ಗಂಡ ಕೆಂಡ ಮುಟ್ಟಿದಂಗ ಕೈ ತಗದ.

"ಬ್ಯಾಡ ಬಿಡು. ಬಾಳ ಓಡೇತಿ."

"ನಿಮ್ಮ ಮೊಣಕಾಲು?"

"ಈಗ ನೋವೇ ಇಲ್ಲ!"

ಗಾಡಿ ಈಗ ನಮ್ಮ ಓಣ್ಯಾಗೇ ಐತಿ. ಹಿಂದಿನ ಸೀಟಿಗೆ ಆಕಿ ಮೆತ್ತನ್ನ ಹೊಸಾ ಕವರ್ ಹಾಕಿಸ್ಯಾಳ.