ಮೇಷ್ಟ್ರಿಗೆ ಎಣ್ಣೆ ಸ್ನಾನ

೧೯೯೧ರಲ್ಲಿ, ಏಳನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಮೈತುಂಬ ಕಜ್ಜಿಯಾಗಿತ್ತು. ಮೇಷ್ಟ್ರು ನನ್ನನ್ನು ಮೊದಲು ಕೊನೆಯ ಸಾಲಿಗೆ ಕಳಿಸಿದರು, ಆಮೇಲೆ ಬಾಗಿಲ ಹೊರಗೆ ಕೂರಿಸಿದರು, ಕಡೆಗೆ ವಾಸಿಯಾದ ಮೇಲೆ ಬಾ ಎಂದರು. ವಾಸಿಯಾಯಿತು. ನಾನು ಹೋಗಲಿಲ್ಲ. ಅಷ್ಟರಲ್ಲಿ ದೇವನಹಳ್ಳಿಯ ಒಂದು ಅಂಗಡಿಯಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ತಾಮ್ರದ ತಂತಿ ಸುತ್ತುವುದನ್ನು ಕಲಿಯಲು ಕೂತಿದ್ದೆ. ಸಂಧಿ ಸಮಾಸಕ್ಕಿಂತ ಅದು ಸಲೀಸು. ಈಗ ಅಂಥದೇ ಅಂಗಡಿ ನನ್ನದೇ ಇದೆ. ನನ್ನ ವಿಷಯ ಇಷ್ಟೇ. ಬರೆಯಲು ಕೂತಿರುವುದು ನನ್ನ ಸೋದರಮಾವನ ವಿಷಯ. ಯಾಕೆಂದರೆ ಗಂಡುನಾಯಿಗೆ ಬಾಣಂತನ ಮಾಡಿದವರು ನಮ್ಮ ತಾಲ್ಲೂಕಿನಲ್ಲಿ ಅವರೊಬ್ಬರೇ.

ಮಾವನ ಮನೆ ಬೂದಿಗೆರೆ ಕಡೆ. ನಾನು ಬೆಳೆದದ್ದೂ ಅಲ್ಲೇ. ಅವರು ಸಾಕಿದ ನಾಯಿಗಳಿಗೆಲ್ಲ ಒಂದೇ ಹೆಸರು: ಮೇಷ್ಟ್ರು. ಒಂದು ಸತ್ತರೆ ಇನ್ನೊಂದು ಬರುತ್ತೆ, ಹುದ್ದೆ ಖಾಲಿ ಇರುವುದಿಲ್ಲ. ಯಾಕೆ ಆ ಹೆಸರು ಅಂತ ನಾನು ಕೇಳಿಲ್ಲ, ಅವರು ಹೇಳಿಲ್ಲ. ಆದರೆ ಮರ್ಯಾದೆಗೆ ಏನೂ ಕಡಿಮೆ ಇಲ್ಲ. "ಮೇಷ್ಟ್ರೇ, ಮುದ್ದೆ ಆರೋಗ್ತದೆ, ಬನ್ನಿ." "ಮೇಷ್ಟ್ರೇ, ಕಂಡೋರ ಕಂಬಕ್ಕೆಲ್ಲ ಕಾಲೆತ್ತಬಾರದು." ಒಂದು ಸಲ ಸ್ಕೂಟರಿನಲ್ಲಿ ಹೋಗುತ್ತಿದ್ದ ಹೈಸ್ಕೂಲಿನ ಮೇಷ್ಟ್ರೊಬ್ಬರು ಗಾಡಿ ನಿಲ್ಲಿಸಿಬಿಟ್ಟರು. ಮಾವ ಕೈಮುಗಿದು, "ನಿಮ್ಮನ್ನಲ್ಲ ಸಾರ್, ನೀವು ಹೊರಡಿ. ಇವರು ನಮ್ಮನೆ ಮೇಷ್ಟ್ರು" ಎಂದರು. ಆ ಸಾರ್ ಈಗ ಬೇರೆ ರಸ್ತೆಯಲ್ಲಿ ಓಡಾಡುತ್ತಾರೆ.

ಹೋದ ಮಳೆಗಾಲದಲ್ಲಿ ಈಗಿನ ಮೇಷ್ಟ್ರು ಕೆರೆದುಕೊಳ್ಳಲು ಶುರು ಮಾಡಿತು. ಮೊದಲು ಬಾಲದ ಬುಡ, ಆಮೇಲೆ ತೊಡೆ, ಹೊಟ್ಟೆ. ಕೂದಲು ಉದುರಿ, ಚರ್ಮ ಕೆಂಪಾಗಿ, ಅಲ್ಲಲ್ಲಿ ರಸಿಗೆ ಸೋರತೊಡಗಿತು. ಅದೇ ಹೊತ್ತಿಗೆ ಮಾವನ ಮಗಳು ಹೆರಿಗೆಗೆ ತವರಿಗೆ ಬರುವುದಿತ್ತು. ಅತ್ತೆ ನನ್ನನ್ನು ಕರೆದು, ಮಾವನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು:

"ನೋಡಪ್ಪಾ, ಹಸುಗೂಸು ಬರೋ ಮನೇಲಿ ಕಜ್ಜಿನಾಯಿ ಇರಕೂಡ್ದು. ದೀಪಾವಳಿ ಒಳಗೆ ವಾಸಿ ಆಗ್ಲಿಲ್ವಾ, ನಿನ್ನ ಗೂಡ್ಸ್ ಆಟೋದಾಗೆ ಹಾಕ್ಕೊಂಡೋಗಿ ಮಾಕಳಿದುರ್ಗದ ತಾವ ಬಿಟ್ಬಿಡು. ಬೆಟ್ಟ ಹತ್ತೋಕೆ ಬರೋ ಹುಡುಗ್ರು ಬಿಸ್ಕತ್ ಹಾಕ್ತಾರೆ."

ಮಾವ ಎದ್ದು ಹೋಗಿ ನೀರೊಲೆಗೆ ಉರಿ ಹಾಕಿದರು.

ಇಲ್ಲಿ ನನ್ನ ಕಸುಬಿನ ಒಂದು ಮಾತು ಹೇಳಬೇಕು. ಸುಟ್ಟ ಮೋಟಾರು ತಂದವರೆಲ್ಲ "ವೋಲ್ಟೇಜ್ ಕಣಣ್ಣ" ಅಂತಲೇ ಇಳಿಸುತ್ತಾರೆ. ನಾನು ನಂಬುವುದಿಲ್ಲ. ಬಿಚ್ಚಿ ನೋಡುತ್ತೇನೆ. ಬೇರಿಂಗ್ ಹಿಡಿದಿರಬಹುದು, ನೀರು ಹೋಗಿರಬಹುದು, ಕರೆಂಟಿನ ಮೂರು ಫೇಸಿನಲ್ಲಿ ಒಂದು ಇಲ್ಲದೆ ಓಡಿರಬಹುದು. ಕಾರಣ ಸಿಗದೆ ತಂತಿ ಸುತ್ತಿದರೆ ಅದೇ ಮೋಟಾರು ವಾರಕ್ಕೆ ವಾಪಸ್ಸು ಬರುತ್ತೆ. ಮಾವನದು ಬೇರೆ ಪದ್ಧತಿ. ಅವರು ಮೊದಲು ಸುತ್ತುತ್ತಾರೆ.

ಮೊದಲು ನನ್ನ ಅಂಗಡಿಗೇ ಬಂದರು. "ಸುಟ್ಟ ಆಯಿಲ್ ಇದ್ರೆ ಕೊಡೋ."

"ಯಾಕೆ ಮಾವ?"

"ಮೇಷ್ಟ್ರಿಗೆ."

ನಮ್ಮ ಕಡೆ ನಾಯಿ ಕೆರೆದುಕೊಂಡರೆ ಇಂಜಿನ್ನಿನ ಸುಟ್ಟ ಆಯಿಲ್ ಬಳಿಯುವುದು ವಾಡಿಕೆ. ನಾನು ಕೊಡಲಿಲ್ಲ. ಮಾವ ಟ್ರ್ಯಾಕ್ಟರಿನವರ ಹತ್ತಿರ ಇಸಕೊಂಡರು. ಬಳಿಸಿಕೊಂಡ ಮೇಷ್ಟ್ರು ಉರಿ ತಡೆಯಲಾರದೆ ಹೊಸದಾಗಿ ಸುಣ್ಣ ಹೊಡೆದ ಗೋಡೆಗೆ ಈ ಮೂಲೆಯಿಂದ ಆ ಮೂಲೆಯವರೆಗೆ ಮೈ ಉಜ್ಜಿ, ಅತ್ತೆ ಒಣಹಾಕಿದ್ದ ಸಂಡಿಗೆಯ ಮೇಲೆ ಹೊರಳಾಡಿತು. ಆ ಸಂಡಿಗೆ ಎಣ್ಣೆಯಿಲ್ಲದೆಯೇ ಕರಿಯಬಹುದಿತ್ತು.

ಆಮೇಲೆ ಪಥ್ಯ. ಯಾರೋ ಮೈ ಉಷ್ಣ ಅಂದರು. ಮಾವ ಮಾಂಸ ನಿಲ್ಲಿಸಿ ಬರೀ ರಾಗಿ ಅಂಬಲಿ, ಮಜ್ಜಿಗೆ ಕೊಟ್ಟರು. ಮೇಷ್ಟ್ರು ಅದನ್ನು ಮರ್ಯಾದೆಗೆ ಒಂದು ಸಲ ನೆಕ್ಕಿ ಹೊರಟುಬಿಡುತ್ತಿತ್ತು. ಎಲ್ಲಿಗೆ ಅಂತ ತಿಳಿದದ್ದು ಬಸ್‌ಸ್ಟಾಪಿನ ಚಿಕನ್ ಅಂಗಡಿಯ ಭಾಯ್ ಹೇಳಿದ ಮೇಲೆ. "ಕ್ಯಾ ಮಾಮು, ನಿಮ್ಮ ಮೇಷ್ಟ್ರು ದಿನಾ ಸಾಯಂಕಾಲ ನಮ್ಮ ಹತ್ರ ಟ್ಯೂಷನ್‌ಗೆ ಬರ್ತಾರೆ. ಫೀಸೂ ನಾನೇ ಕೊಡ್ತೀನಿ."

ಎಲ್ಲಕ್ಕಿಂತ ದೊಡ್ಡದು ಎಣ್ಣೆ ಸ್ನಾನ. ಮಾವನಿಗೆ ಶನಿವಾರ ಅಂದರೆ ಎಣ್ಣೆ ಸ್ನಾನ, ಅದು ಮನುಷ್ಯರಿಗಿರಲಿ ನಾಯಿಗಿರಲಿ. ಹರಳೆಣ್ಣೆ ಬೆಚ್ಚಗೆ ಮಾಡಿ ನೆತ್ತಿಯಿಂದ ಬಾಲದವರೆಗೆ ತಿಕ್ಕುವುದು. ಜಿಡ್ಡಿಗೆ ಸೀಗೆಪುಡಿ, ಸೀಗೆಪುಡಿಗೂ ಹೋಗದ ಜಿಡ್ಡಿಗೆ ಬಟ್ಟೆ ಸೋಪು. ಮೇಲೆ ಹಂಡೆ ನೀರು. ಕಡೆಗೆ ಕುಕ್ಕೆ ಕವುಚಿ ಸಾಂಬ್ರಾಣಿ ಹೊಗೆ. ಹೊಗೆಯೊಳಗಿಂದ ಮೇಷ್ಟ್ರ ಮೂತಿ ಮಾತ್ರ ಕಾಣುತ್ತಿತ್ತು. ಕೆರೆತ ಜಾಸ್ತಿಯಾದಂತೆ ಮಾವ ಶನಿವಾರಕ್ಕೆ ಕಾಯದೆ ದಿನಾ ಶುರುಮಾಡಿದರು. ಅತ್ತೆ ಹೊಸಿಲ ಮೇಲೆ ನಿಂತು, "ಮಗಳಿಗೆ ಅಂತ ತಂದ ಸಾಂಬ್ರಾಣಿ ಎಲ್ಲಾ ಇದಕ್ಕೇ ಹಾಕಿ. ಬಾಣಂತಿ ಖಾರ ಕುಟ್ಟಿ ಕೊಡ್ಲಾ, ತೊಟ್ಲೂ ಕಟ್ಲಾ?" ಎಂದರು.

"ಖಾರ ಬ್ಯಾಡ, ಉಷ್ಣ" ಎಂದರು ಮಾವ.

ದೀಪಾವಳಿ ಹತ್ತಿರ ಬಂತು. ಮೇಷ್ಟ್ರ ಬೆನ್ನಿನಲ್ಲಿ ಕೂದಲಿಗಿಂತ ಗಾಯವೇ ಹೆಚ್ಚಾಗಿತ್ತು. ಅತ್ತೆ ನನಗೆ ಫೋನ್ ಮಾಡಿ, "ಆಟೋ ತಗೊಂಡ್ಬಾ" ಎಂದರು. ನಾನು ಹೋದೆ. ಮಾವ ನಾಯಿಯನ್ನು ಎತ್ತಿ ಹಿಂದೆ ಮಲಗಿಸಿ, ತಾವೂ ಅದರ ಪಕ್ಕ ಹತ್ತಿ ಕೂತರು. "ಎಲ್ಲಿ ಬಿಡ್ತೀಯೋ ಅಲ್ಲಿ ನನ್ನೂ ಇಳಿಸ್ಬಿಡು" ಎಂದರು. ಹೇಳಿದ ರೀತಿ ತಮಾಷೆಯದಾಗಿರಲಿಲ್ಲ. ನಾನು ಗಾಡಿಯನ್ನು ಪಶು ಆಸ್ಪತ್ರೆಗೆ ತಿರುಗಿಸಿದೆ. ಹೊರಟಾಗಲೇ ಅದೇ ನನ್ನ ಲೆಕ್ಕ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪೆನ್ನು ತೆಗೆದು, "ಹೆಸರು?" ಎಂದರು.

"ಮೇಷ್ಟ್ರು."

"ನಿಮ್ದಲ್ಲ ಅಜ್ಜ, ನಾಯಿದು."

"ನಾಯಿದೇ ಕಣಮ್ಮ."

ಅವರು ನನ್ನ ಮುಖ ನೋಡಿ, ಬರಕೊಂಡರು. ಆಮೇಲೆ ನಾನು ಮೆಚ್ಚುವ ಕೆಲಸ ಮಾಡಿದರು, ಬಿಚ್ಚಿ ನೋಡಿದರು. ಚರ್ಮವನ್ನು ಸ್ವಲ್ಪ ಕೆರೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ, "ಕಜ್ಜಿ ಹುಳ ಇಲ್ಲ" ಎಂದರು. ಬಾಲದ ಬುಡವನ್ನು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿ, ಉದುರಿದ ಕರೀ ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಒತ್ತಿದರು. ಪುಡಿಯ ಸುತ್ತ ಕಾಗದ ಕೆಂಪಾಯಿತು.

"ಚಿಗಟದ ಹಿಕ್ಕೆ. ಕುಡಿದಿರೋ ರಕ್ತ ಇದು. ನಾಯಿ ಕೆರ್ಕೊಂಡ್ರೆ ಎಲ್ರೂ ಕಜ್ಜಿ ಅಂದ್ಬಿಡ್ತಾರೆ. ಚಿಗಟ ಇರುತ್ತೆ, ಉಣ್ಣೆ ಇರುತ್ತೆ, ಬೂಷ್ಟು ಹಿಡಿಯುತ್ತೆ, ಕೆಲವಕ್ಕೆ ಊಟ ಒಗ್ಗಲ್ಲ, ಕೆಲವು ಬೇಜಾರಿಗೇ ಕಾಲು ನೆಕ್ಕಿ ನೆಕ್ಕಿ ಗಾಯ ಮಾಡ್ಕೊಳ್ತವೆ. ಎಲ್ಲಿ ಮಲಗುತ್ತೆ ಇದು?"

"ಕೋಳಿ ಗೂಡಿನ ಪಕ್ಕ, ಗೋಣಿಚೀಲದ ಮೇಲೆ."

"ಅಲ್ಲಿಂದ ಹತ್ತಿದೆ. ಆದ್ರೆ ಇಷ್ಟೊಂದು ಗಾಯ ಚಿಗಟದಿಂದ ಮಾತ್ರ ಆಗಿಲ್ಲ. ಸ್ನಾನ ಯಾವಾಗ ಮಾಡಿಸ್ತೀರಿ?"

ಮಾವ ಇದೊಂದಕ್ಕೆ ಕಾಯುತ್ತಿದ್ದರು. ಹರಳೆಣ್ಣೆ, ಸೀಗೆಪುಡಿ, ಬಟ್ಟೆ ಸೋಪು, ಹಂಡೆ ನೀರು, ಸಾಂಬ್ರಾಣಿ, ಎಲ್ಲವನ್ನೂ ಬಿಡದೆ ಹೇಳಿದರು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಅಜ್ಜ, ನಾಯಿ ಚರ್ಮ ನಮ್ದಕ್ಕಿಂತ ತೆಳು. ನಮ್ಮ ಸೋಪು ತಡೆಯಲ್ಲ. ದಿನಾ ಒದ್ದೆ ಆದ್ರೆ ಕೂದಲ ಕೆಳಗೆ ಒಣಗೋದೇ ಇಲ್ಲ, ಅದಕ್ಕೇ ಕೀವು."

"ಹಂಗಾರೆ ನಾನು ನೋಡ್ಕೊಂಡಿದ್ದೇ ತಪ್ಪಾಯ್ತಾ?"

"ಮಾತ್ರೆ ಕೊಡಿ. ಚೀಲ ಸುಟ್ಟುಹಾಕಿ. ಮಲಗೋ ಜಾಗಕ್ಕೆ ಬಿಸಿಲು ಬೀಳ್ಲಿ. ಮಿಕ್ಕಿದ್ದೆಲ್ಲ ಸ್ವಲ್ಪ ಕಮ್ಮಿ ನೋಡ್ಕೊಳ್ಳಿ."

ಹಾಗೆ ಕಮ್ಮಿ ನೋಡಿಕೊಂಡದ್ದರಿಂದ ಮೇಷ್ಟ್ರಿಗೆ ವಾಸಿಯಾಗತೊಡಗಿತು. ದೀಪಾವಳಿಗೆ ಗಾಯ ಒಣಗಿ, ಬೆನ್ನಿನ ಮೇಲೆ ಹೊಸ ಕೂದಲು ನಾಟಿ ಹಾಕಿದ ಪೈರಿನಂತೆ ಎದ್ದಿತ್ತು. ಅತ್ತೆ ಕನ್ನಡಕ ಹಾಕಿಕೊಂಡು ಬಾಲದ ಬುಡ ತನಿಖೆ ಮಾಡಿ, "ಇರ್ಲಿ. ಆದ್ರೆ ತೊಟ್ಲು ತಾವ ಬರಂಗಿಲ್ಲ" ಎಂದರು. ಮಗಳು ಬಂದಳು, ಹೆತ್ತಳು. ಮೇಷ್ಟ್ರು ಹೊಸಿಲಾಚೆ ಮಲಗಿಕೊಂಡು, ಮಗು ನೋಡಲು ಬಂದ ನೆಂಟರನ್ನೆಲ್ಲ ಹಾಜರಿ ತೆಗೆದುಕೊಂಡು ಒಳಗೆ ಬಿಡುತ್ತಿತ್ತು.

ಕೆಟ್ಟದ್ದು ಮಾವನ ಸ್ಥಿತಿ. ಶನಿವಾರ ಬಂದರೆ ಅವರ ಕೈಗೆ ಕೆಲಸವಿಲ್ಲ. ಹಂಡೆಗೆ ಉರಿ ಹಾಕಿ, ಎಣ್ಣೆ ಬಟ್ಟಲು ಹಿಡಿದು ಕೂತಿರುತ್ತಿದ್ದರು. ಮೇಷ್ಟ್ರು ಬಟ್ಟಲು ನೋಡಿ ಚಿಕನ್ ಅಂಗಡಿಗೆ ಹೋಗಿಬಿಡುತ್ತಿತ್ತು. ಅಂಥ ಒಂದು ಶನಿವಾರ, ಮಗುವಿಗೆ ಅಂಗಿ ಕೊಡಲು ಹೋದವನನ್ನು ಮಾವ ಬಚ್ಚಲಿಂದಲೇ ಕರೆದರು.

"ಬಾರೋ ಇಲ್ಲಿ. ಅಂಗಿ ಬಿಚ್ಚು."

"ನಂಗೆ ನಲವತ್ತೇಳು ಮಾವ."

"ಬೆನ್ನಿಗೆ ವಯಸ್ಸಾಗಲ್ಲ ಕಣೋ. ಕೂತ್ಕೊ."

ಕೂತೆ. ನೆತ್ತಿಗೆ ಎಣ್ಣೆ ತಟ್ಟಿದರು. ಆಮೇಲೆ ಕತ್ತು, ಭುಜ. ಬೆರಳುಗಳು ಬೆನ್ನಿನ ಮೇಲೆ ಬಂದು ನಿಧಾನವಾದವು. ೯೧ರಲ್ಲಿ ಗಾಯ ಇದ್ದ ಜಾಗಗಳನ್ನೆಲ್ಲ ಅವು ಸುತ್ತು ಹಾಕಿಕೊಂಡು ಹೋಗುತ್ತಿದ್ದವು. ನನಗೇ ಆ ಜಾಗಗಳು ಮರೆತುಹೋಗಿದ್ದವು.

"ನಿಂಗೆ ಕಜ್ಜಿ ಆದಾಗ ನನ್ನ ಕೈ ಸಾಲ್ದೆ ಹೋಯ್ತು" ಎಂದರು ಮಾವ. "ವಾಸಿ ಆಗೋದು ತಡ ಆಯ್ತು. ಬೇಗ ವಾಸಿ ಮಾಡಿದ್ರೆ ನೀನು ಸ್ಕೂಲಿಗೆ ವಾಪಸ್ ಹೋಗ್ತಿದ್ದೆ. ಓದ್ತಿದ್ದೆ."

ಬಚ್ಚಲ ಬಾಗಿಲಲ್ಲಿ ಮೇಷ್ಟ್ರು ಬಂದು ನಿಂತಿತ್ತು. ಎಣ್ಣೆ ತನಗಲ್ಲ ಅಂತ ಖಾತ್ರಿಯಾದ ಮೇಲೆ ಅಲ್ಲೇ ಮಲಗಿತು.

ನಾನು ಮಾವನಿಗೆ ಬೆನ್ನು ಕೊಟ್ಟೇ ಕೂತು ಹೇಳಿದೆ: ನನ್ನ ಹತ್ತಿರ ಈಗ ಅಂಗಡಿ ಒಂದು. ತಂತಿ ಸುತ್ತುವ ಮೆಷಿನ್ನು ಎರಡು. ಗೂಡ್ಸ್ ಆಟೋ ಒಂದು. ಕೆಲಸದವರು ಮೂವರು. ಓದುತ್ತಿರುವ ಹೆಣ್ಣುಮಕ್ಕಳು ಇಬ್ಬರು. ಮಾವ ಒಬ್ಬರು. ಮೈಮೇಲೆ ಕಜ್ಜಿ, ಒಂದೂ ಇಲ್ಲ.