ಲೆಕ್ಕಕ್ಕಿಲ್ಲದ ರೊಟ್ಟಿ

ನಮ್ಮ ಮಾಮಾ ಕನಸಿನಲ್ಲಿ ತುಂಬ ತೆಳ್ಳಗಿದ್ದಾರೆ. ತೊಂದರೆಯೆಲ್ಲ ಎಚ್ಚರವಾದ ಮೇಲಿನದು.

ಇದು ಅವರೇ ಹೇಳಿದ ಮಾತು. ಪುಣೆಯ ಸದಾಶಿವ ಪೇಠದ ಕೋಚಿಂಗ್ ಕ್ಲಾಸಿನಲ್ಲಿ ದಿನವಿಡೀ ಮರಾಠಿಯಲ್ಲಿ ಗಣಿತ ಹೇಳಿಕೊಡುವ ಮಾಮಾ, ಕನಸನ್ನು ಮಾತ್ರ ಧಾರವಾಡದ ಕನ್ನಡದಲ್ಲೇ ಕಾಣುತ್ತಾರಂತೆ. ಆ ಕನಸಿನಲ್ಲಿ ಅವರು ತಮ್ಮ ಹಳೆಯ ವಾಡೆಯ ಗ್ಯಾಲರಿಯಿಂದ ಮೆಲ್ಲಗೆ ಮೇಲೇಳುತ್ತಾರೆ. ಕೆಳಗೆ ರಿಕ್ಷಾ, ಸ್ಕೂಟರುಗಳ ಗದ್ದಲ ಸಣ್ಣದಾಗುತ್ತ ಹೋಗುತ್ತದೆ. ಯಾರೋ ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳಗಳನ್ನು ದಾಟಿ, ಪರ್ವತಿ ಗುಡ್ಡದ ಬೆಳಗಿನ ಮಂಜಿನೊಳಗೆ ಧೋತರದ ಚುಂಗು ಹಿಡಿದು ಇಳಿಯುತ್ತಾರೆ.

“ಧೋತರ ಯಾಕ ಮಾಮಾ? ನೀವು ಪ್ಯಾಂಟ್ ಹಾಕೋರು.”

“ಹಾರ್ಲಿಕ್ಕೆ ಗಾಳಿ ತುಂಬಬೇಕಲ್ಲಪಾ.”

ಇಂಥವರ ಮುಂದೆ ವಾದ ಮಾಡುವುದುಂಟೇ?

ಆದರೆ ಡಾಕ್ಟರು ಕನಸು ಕಾಣುವವರ ಪೈಕಿಯಲ್ಲ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯತೊಡಗಿದೆ, ತೂಕ ಇಳಿಸಲೇಬೇಕು, ಇಳಿದದ್ದು ಹಾಗೇ ಉಳಿಯಲೂಬೇಕು, ಇಲ್ಲವಾದರೆ ದೃಷ್ಟಿ ಉಳಿಯುವ ಭರವಸೆ ಕೊಡಲಾರೆ ಎಂದು ಮೃದುವಾಗಿಯೇ ಹೇಳಿದರು. ಆಮೇಲೆ, ಊಟಕ್ಕೆ ಎಷ್ಟು ರೊಟ್ಟಿ ತಿನ್ನುತ್ತೀರಿ ಎಂದು ಕೇಳಿದರು. ಗಣಿತದ ಮಾಸ್ತರರು ಉತ್ತರಕ್ಕಾಗಿ ಮಾಮಿಯ ಮುಖ ನೋಡಿದರು.

“ಎರಡು,” ಎಂದರು ಮಾಮಿ.

ಸುಳ್ಳಲ್ಲ. ಮಾಮಾ ಕೇಳಿ ಹಾಕಿಸಿಕೊಳ್ಳುವುದು ಎರಡೇ. ಮಾಮಿ ತಾವಾಗಿ ಹಾಕುವ ರೊಟ್ಟಿ ಪ್ರೀತಿಯ ಖಾತೆಗೆ ಸೇರಿದ್ದು, ಲೆಕ್ಕಕ್ಕಿಲ್ಲ! ನಮ್ಮ ಕಡೆ “ಬ್ಯಾಡ” ಎಂದರೆ ಇನ್ನೊಂದು ಹಾಕು ಎಂದೇ ಅರ್ಥ. ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರೆ, ಪಾಪ, ಅರ್ಧ. ಮಾಮಾ ಕಿಟಕಿಯಾಚೆ ಕಣ್ಣು ನೆಟ್ಟು ತಮ್ಮ ಲೋಕದಲ್ಲಿ ತೇಲುತ್ತಿರುವಾಗ, ಪಕ್ಕದಲ್ಲಿ ನಿಂತ ಮಾಮಿ ಹೆಂಚಿನ ಮೇಲೆ ಗರಿಗರಿ ಸುಟ್ಟ ಬಿಸಿ ಕಟಕ ರೊಟ್ಟಿ ತಟ್ಟೆಗೆ ಜಾರಿಸುತ್ತಿದ್ದರು. ಕೈ ರೊಟ್ಟಿ ಮುರಿಯುತ್ತಿತ್ತು, ಬಾಯಿ ಅಗಿಯುತ್ತಿತ್ತು. ಮಾಮಾ ಮಾತ್ರ ಅಲ್ಲಿರುತ್ತಿರಲಿಲ್ಲ.

ಮೊದಲ ಉಪಾಯವೆಂದು ಪರ್ವತಿ ಗುಡ್ಡ ಹತ್ತುವ ವ್ರತ ಶುರುವಾಯಿತು. ಒಂದು ಮುಂಜಾನೆ ನಾನು ಊರಾಚೆಯ ನಿಗಡಿಯ ನಮ್ಮ ಮನೆಯಿಂದ ನೋಡಲು ಹೋದರೆ, ಮಾಮಾ ನಡುವಿನ ಮೆಟ್ಟಿಲ ಮೇಲೆ ಕುಳಿತು ಮಂಜನ್ನು ನೋಡುತ್ತಿದ್ದರು.

“ಮ್ಯಾಲೆ ಹೋಗಿಲ್ಲೇನ್ರಿ?”

“ಅರ್ಧ ಕಾಲಿಂದ ಹತ್ತೀನಿ, ಅರ್ಧ ಮನಸ್ಸಿಂದ. ಮನಸ್ಸಿಂದ ಹತ್ತೂದು ಭಾಳ ದಣಿವು ನೋಡು.”

ಆ ದಣಿವಿಗೆ ಬೆಟ್ಟದ ಬುಡದಲ್ಲಿ ಎಣ್ಣೆ ತೇಲುವ ಒಂದು ಪ್ಲೇಟ್ ಖಾರದ ಮಿಸಳ್ ಆಗಲೇಬೇಕಿತ್ತು. ತಿಂಗಳು ಕಳೆದಾಗ ತೂಕ ಇಳಿಯುವುದಿರಲಿ, ಏರಿತ್ತು.

ಆಮೇಲೊಂದು ಸಂಜೆ ಕ್ಲಾಸಿನ ಹಲಗೆಯ ಮೇಲೆ ತಾವೇ ಬರೆದ ಅಂಕಿ ಮಾಮಾನಿಗೆ ಮಸುಕಾಗಿ ಕಂಡಿತು. ಒರೆಸಿ ಮತ್ತೆ ಬರೆದರು, ಮತ್ತೆ ಮಸುಕು. ಮನೆಗೆ ಬಂದು ಊಟಕ್ಕೆ ಕೂತಾಗ, “ನೀನೂ ಕೂಡು,” ಎಂದರು ಮಾಮಿಗೆ.

“ನಾ ಕೂತ್ರ ನಿಮಗ ಬಡಸೋರ್ಯಾರು?”

“ಯಾರೂ ಬ್ಯಾಡ. ಇಬ್ಬರದೂ ಒಮ್ಮೆಲೇ ಹಾಕ್ಕೊಂಡು ಉಣ್ಣೂಣು.”

“ರೊಟ್ಟಿ ಆರಿ ಹೋಗ್ತಾವರೀ.”

“ಆರಲಿ.”

ಆರಲಿ! ಗಂಡ ಉಂಡ ಮೇಲೆಯೇ ಉಣ್ಣುವ ಪದ್ಧತಿಯಲ್ಲಿ ಬೆಳೆದ ಮಾಮಿಗೆ ಇದು ತಡೆಯಲಾಗದ ಮಾತು. ಮರುದಿನವೇ ನಮ್ಮ ಅವ್ವನಿಗೆ ಫೋನು. “ಅಕ್ಕಾರ, ನಿಮ್ಮ ತಮ್ಮಗ ನನ್ನ ಕೈ ಊಟ ಬ್ಯಾಡಾಗ್ಯದ ನೋಡ್ರಿ.” ಆ ಕಡೆ ಅಳು, ಈ ಕಡೆ ಅವ್ವನ ಸಮಾಧಾನ. ಮಾಮಾ ಜಗ್ಗಲಿಲ್ಲ. ಮಾಮಿ ಕೂಡುವವರೆಗೆ ಅವರು ತುತ್ತು ಎತ್ತುತ್ತಿರಲಿಲ್ಲ. ಹಸಿದ ಗಂಡನನ್ನು ಎಷ್ಟು ಹೊತ್ತು ಕಾಯಿಸಿಯಾರು? ಮುಖ ಊದಿಸಿಕೊಂಡೇ ಕೂತರು. ಕೂತು ಉಣ್ಣುವವರಿಗೆ ಎದ್ದು ಬಡಿಸುವುದು ಕಷ್ಟ, ಅದೇ ಮಾಮಾನ ಗಣಿತ.

ಮಾಮಿ ಸಾವಕಾಶ ಉಣ್ಣುವವರು. ಅವರಿಗಾಗಿ ಕಾಯುತ್ತ ಮಾಮಾನ ಕೈಯೂ ನಿಧಾನವಾಯಿತು. ಊಟವಾದ ಮೇಲೆ ಇಬ್ಬರೂ ಪೇಠದ ಗಲ್ಲಿಗಳಲ್ಲಿ ಅಡ್ಡಾಡಿ ಬರತೊಡಗಿದರು. ಇದಕ್ಕಿಂತ ಹೆಚ್ಚಿನದೇನೂ ನಡೆಯಲಿಲ್ಲ. ಆದರೆ ಒಂದು ದಿನವೂ ತಪ್ಪಲಿಲ್ಲ. ಮಳೆಗಾಲ ಹೋಗಿ ಮತ್ತೊಂದು ಮಳೆಗಾಲ ಬರುವಷ್ಟರಲ್ಲಿ ಮಾಮಾನ ಅಂಗಿಗಳೆಲ್ಲ ದರ್ಜಿಯ ಕೈಗೆ ಹೋಗಿ ಸಣ್ಣದಾಗಿ ಬಂದವು. ಕಣ್ಣು ಇನ್ನು ಕೆಡುವ ಲಕ್ಷಣವಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ಅಭಿನಂದನೆ ಹೇಳಲು ಹೋದೆ. ಮಾಮಿ ಒಳಗೆ ಅಡುಗೆಮನೆಯಲ್ಲಿದ್ದರು.

“ಗೆದ್ದ್ರಿ ಮಾಮಾ.”

ಅವರು ನಗಲಿಲ್ಲ. ದನಿ ತಗ್ಗಿಸಿ ಹೇಳಿದರು: “ಆಕಿಗೆ ಎಡಗಡೆ ದವಡಿಯೊಳಗ ಹಲ್ಲೇ ಇಲ್ಲೋ. ಯಾವಾಗ ಹೋದ್ವೋ ಗೊತ್ತಿಲ್ಲ. ನನಗ ಕಟಕ ರೊಟ್ಟಿನೇ ಬೇಕು ಅಂತ ದಿನಾ ಕಟಕ ರೊಟ್ಟಿ ಮಾಡ್ಯಾಳ. ತಾ ಒಳಗ ಒಬ್ಬಾಕಿನೇ ಕೂತು, ಅದನ್ನ ಮಜ್ಜಿಗಿಯೊಳಗ ನೆನಸಿಕೊಂಡು ಉಂಡಾಳ. ಇಷ್ಟು ವರ್ಷ ಕಣ್ಣು ಭೇಷೇ ಇದ್ದೂವಲ್ಲ, ಏನು ನೋಡಿದೆ ನಾ?”

ಅಷ್ಟರಲ್ಲಿ ಮಾಮಿ ಊಟಕ್ಕೆ ಕರೆದರು. ನನ್ನ ತಟ್ಟೆಯ ಎದುರು ಅವರಿಬ್ಬರ ತಟ್ಟೆಗಳು ಪಕ್ಕಪಕ್ಕದಲ್ಲಿದ್ದವು, ಬುಟ್ಟಿಯಲ್ಲಿ ಆರಿದ ಮೆತ್ತನೆಯ ರೊಟ್ಟಿಗಳಿದ್ದವು. ಮಾಮಾ ತಮ್ಮದನ್ನು ಮುಗಿಸಿ ಏಳದೆ ಕೂತರು, ಮಾಮಿ ಕೊನೆಯ ತುತ್ತು ಅಗಿದು ನುಂಗುವವರೆಗೂ ಅವರನ್ನೇ ನೋಡುತ್ತ.